ಇಟ್ಟಿಗೆಯ ಉಪಚಾರ

ಹಳೆಯ ಮನೆಯೊಂದನ್ನು ಪಿತ್ರಾರ್ಜಿತವಾಗಿ ಪಡೆದವನಿಗೆ ಅದರೊಡನೆ ಒಂದು ಮುಗಿಯದ ಶುಶ್ರೂಷೆಯೂ ಪ್ರಾಪ್ತವಾಗುತ್ತದೆಂಬ ಸಂಗತಿಯನ್ನು ಯಾವ ವಿಭಾಗಪತ್ರದಲ್ಲಿಯೂ ಬರೆದಿರುವುದಿಲ್ಲ. 1898ರ ಪ್ಲೇಗುಮಾರಿಗೆ ಅಂಜಿದ ಜನರಿಗೆ ಗಾಳಿ ಬೆಳಕುಗಳುಳ್ಳ ನಿವೇಶನಗಳು ದೊರೆಯಲೆಂದು ಬೆಂಗಳೂರಿನಲ್ಲಿ ಬಸವನಗುಡಿ, ಮಲ್ಲೇಶ್ವರಗಳಂಥ ಬಡಾವಣೆಗಳು ಬೆಳೆದುವಷ್ಟೆ. ಅವುಗಳಲ್ಲೊಂದರಲ್ಲಿ ನಮ್ಮ ತಾತನವರು ಕಟ್ಟಿಸಿದ, ಮಂಗಳೂರು ಹೆಂಚಿನ ಮನೆಯಲ್ಲಿ ನನ್ನ ವಾಸ. ಅದರ ಹಿತ್ತಿಲ ಗೋಡೆ, ಮಳೆಗಾಲ ಕಳೆದು ಬಿಸಿಲು ಬಲಿಯುತ್ತಲೇ, ಬುಡದಿಂದ ಮೊಣಕಾಲೆತ್ತರದವರೆಗೆ ಬಿಳಿಯ ಉಪ್ಪನ್ನು ಕಾರತೊಡಗುವುದು. ಬೆರಳಿನಿಂದ ತೀಡಿದರೆ ಇಟ್ಟಿಗೆಯ ಮೈ ಕೆಂಪು ಹುಡಿಯಾಗಿ ಉದುರುವುದು.

ಇದನ್ನು ನೋಡಲೆಂದು ಕರೆಸಿದ ವೃದ್ಧ ಮೇಸ್ತ್ರಿಯೊಬ್ಬನು ಕರಣೆಯ ಹಿಡಿಯಿಂದ ಗೋಡೆಯನ್ನು ಅಲ್ಲಲ್ಲಿ ತಟ್ಟಿ, ನಮ್ಮ ತಂದೆಯವರ ಕಾಲದಲ್ಲಿ ಯಾರೋ ಮೆತ್ತಿದ ಸಿಮೆಂಟಿನ ತೇಪೆಯ ಬಳಿ ನಿಂತನು. ತೇಪೆ ಅಭೇದ್ಯವಾಗಿತ್ತು, ಅದರ ಸುತ್ತಣ ಇಟ್ಟಿಗೆಗಳಾದರೋ ಒಳಕ್ಕೆ ಸವೆದು, ಸಂದಿನ ಸಿಮೆಂಟು ಮಾತ್ರ ಹೊರಚಾಚಿ ನಿಂತಿತ್ತು. "ಹೋಗೋದಾದ್ರೆ ಗಾರೆ ಹೋಗ್ಲಿ ಸ್ವಾಮಿ, ಇಟ್ಟಿಗೆ ಉಳೀಲಿ, ಗಾರೆ ನಾಳೆ ಬೇಕಾದ್ರೂ ಅರೀಬೋದು" ಎಂದನಾತ.

ಕಟ್ಟಡಶಾಸ್ತ್ರವೂ ಇದನ್ನೇ ಸಮರ್ಥಿಸುತ್ತದೆ. ನೆಲದಿಂದ ಏರಿದ ತೇವ ಸುಣ್ಣದ ಗಾರೆಯ ಸೂಕ್ಷ್ಮರಂಧ್ರಗಳ ಮೂಲಕ ಹೊರಬಿದ್ದು ಆರಿಹೋಗುವುದು. ಸಂದನ್ನು ಸಿಮೆಂಟು ಬಂಧಿಸಿದರೆ ಆ ನೀರಿಗೆ ಇಟ್ಟಿಗೆಯೊಂದೇ ದಾರಿ, ಮತ್ತು ನೀರು ಆರಿದ ಬಳಿಕ ಒಳಗುಳಿದ ಲವಣವು ಹರಳುಗಟ್ಟಿ ಹಿಗ್ಗುತ್ತ ಇಟ್ಟಿಗೆಯ ಮುಖವನ್ನು ಪದರಪದರವಾಗಿ ಸಿಡಿಸುವುದು. ಲೀಡ್ಸ್ ನಗರದ ಜೋಸೆಫ್ ಆಸ್ಪ್‌ಡಿನ್ ಎಂಬಾತನು 1824ರಲ್ಲಿ ಪೋರ್ಟ್‌ಲೆಂಡ್ ಸಿಮೆಂಟಿಗೆ ಹಕ್ಕುಪತ್ರ ಪಡೆದನೆಂಬುದು ನಿಜ. ಆದರೂ ನಮ್ಮ ನಾಡು ಅನಂತರವೂ ಬಹುಕಾಲ ಸುಣ್ಣವನ್ನೇ ನಂಬಿತ್ತು. ಎತ್ತುಗಳು ಸುತ್ತುತ್ತಿದ್ದ ಗಾರೆಯ ಗಾಣದಲ್ಲಿ ಸುಣ್ಣ, ಮರಳು ಮತ್ತು ಇಟ್ಟಿಗೆಯ ಪುಡಿಯಾದ ಸುರ್ಕಿಗಳು ನುಣ್ಣಗೆ ಅರೆಯಲ್ಪಡುತ್ತಿದ್ದುವು. ನುಣುಪು ಗಿಲಾವಿಗೆ ಬೆಲ್ಲದ ನೀರನ್ನೂ ಅಳಲೆಕಾಯಿಯ ರಸವನ್ನೂ ಕೂಡಿಸುವ ರೂಢಿಯಿತ್ತು. 1911ರಲ್ಲಿ ಆರಂಭವಾದ ಕನ್ನಂಬಾಡಿಯ ಅಣೆಕಟ್ಟೆಯನ್ನು ಕಟ್ಟಿದ್ದೂ ಸುರ್ಕಿಗಾರೆಯಿಂದಲೇ. ಕಾವೇರಿಯನ್ನು ತಡೆದು ನಿಲ್ಲಿಸಿದ ಪದಾರ್ಥವು ನಮ್ಮ ಬಚ್ಚಲ ನೀರಿಗೆ ಸಾಲದೆಂದು ಭಾವಿಸುವುದು ಅವಿವೇಕವಲ್ಲದೆ ಮತ್ತೇನು?

ಕೆಲಸವನ್ನು ನಾನೇ ಕೈಗೆತ್ತಿಕೊಂಡೆನು. ಸಡಿಲವಾದ ಹಳೆಯ ಗಾರೆಯನ್ನು ಚಪ್ಪಟೆ ಉಳಿಯಿಂದ ಸುಮಾರು ಒಂದಂಗುಲದ ಆಳಕ್ಕೆ ಕೆರೆದು ತೆಗೆಯಬೇಕು. ಯಂತ್ರದ ಗರಗಸ ಹಿಡಿದರೆ ಇಟ್ಟಿಗೆಯ ಅಂಚೇ ಹಾರಿಹೋಗುವುದು. ಧೂಳನ್ನು ಕುಂಚದಿಂದ ಗುಡಿಸಿ, ಸಂದಿಗೆ ನೀರು ಚಿಮುಕಿಸಿ, ಆ ನೀರು ಇಂಗಿದ ಮೇಲೆ, ಮೊದಲೇ ಅರಳಿಸಿ ನೆನೆಯಿಟ್ಟ ಸುಣ್ಣದ ಒಂದು ಪಾಲಿಗೆ ಜರಡಿ ಹಿಡಿದ ಮರಳಿನ ಮೂರು ಪಾಲು ಬೆರಸಿದ ಗಟ್ಟಿ ಗಾರೆಯನ್ನು ಪದರಪದರವಾಗಿ ಒತ್ತಿ ತುಂಬತಕ್ಕದ್ದು. ಬೆಂದ ಸುಣ್ಣದ ಕಲ್ಲಿಗೆ ನೀರು ಬಿದ್ದೊಡನೆ ಅದು ಕೊತಕೊತ ಕುದಿಯುವುದನ್ನು ಕಂಡವರು ಕಣ್ಣಿಗೆ ಕನ್ನಡಕವನ್ನೂ ಕೈಗೆ ಗವಸನ್ನೂ ಮರೆಯಲಾರರು. ತುಂಬಿದ ಸಂದು ಬೇಗನೆ ಒಣಗಬಾರದು: ಗಾಳಿಯಲ್ಲಿರುವ ಇಂಗಾಲಾಮ್ಲವನ್ನು ಹೀರಿ ಸುಣ್ಣವು ಮರಳಿ ಕಲ್ಲಾಗುವ ಕ್ರಿಯೆ ವಾರಗಳ ಕಾಲ ಸಾಗತಕ್ಕದ್ದಾದುದರಿಂದ, ಒದ್ದೆ ಗೋಣಿತಾಟನ್ನು ಹೊದಿಸಿ ಕಾಯಬೇಕು. ಗೋಣಿತಾಟಿಗೆ ನಾನು ಹೊತ್ತುಹೊತ್ತಿಗೆ ನೀರೆರೆಯುವುದನ್ನು ಕಂಡ ನನ್ನಾಕೆ, "ತುಳಸಿ ಒಣಗುತ್ತಾ ಇದೆ, ಆ ಕಡೆಗೂ ಒಂದು ಚೊಂಬು ಬರಲಿ" ಎಂದುದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ಪೂರ್ತಿ ಸವೆದ ಇಟ್ಟಿಗೆಯ ಪಾಡು ಬೇರೆ. ಮೊಹೆಂಜೊದಾರೋವಿನವರು ಉದ್ದ, ಅಗಲ, ದಪ್ಪಗಳಿಗೆ 4:2:1ರ ಪ್ರಮಾಣವನ್ನು ನಿಷ್ಠೆಯಿಂದ ಪಾಲಿಸಿದರು. ಇಂದಿನ ಗೂಡಿನ ಇಟ್ಟಿಗೆಯಾದರೋ ತಾತನವರ ಇಟ್ಟಿಗೆಯ ಸಾಲಿನಲ್ಲಿ ಅಳತೆಗೂ ಬಣ್ಣಕ್ಕೂ ಹೊಂದಲೊಲ್ಲದು. ಮೇಸ್ತ್ರಿ ತೋರಿದ ಉಪಾಯ ಸರಳವಾದುದು: ಸುತ್ತಲಿನ ಗಾರೆಯನ್ನು ಬಿಡಿಸಿ ಇಟ್ಟಿಗೆಯನ್ನು ಇಡಿಯಾಗಿ ಹೊರತೆಗೆದು, ಕೆಟ್ಟ ಮುಖವನ್ನು ಒಳಕ್ಕೆ ತಿರುಗಿಸಿ, ನೀರಿನಲ್ಲಿ ನೆನಸಿ ಮರಳಿ ಕೂರಿಸುವುದು. ಅಷ್ಟು ವರ್ಷ ಬಿಸಿಲನ್ನೇ ಕಾಣದ ಅದರ ಹಿಂಬದಿ ನಿನ್ನೆ ಗೂಡಿನಿಂದ ಇಳಿಸಿದಂತೆ ಕೆಂಪಗಿತ್ತು.

ಈ ಕೆಲಸಕ್ಕೆ ತೊಡಗುವ ಗೃಹಸ್ಥರಲ್ಲಿ ನನ್ನದೊಂದು ವಿಜ್ಞಾಪನೆ. ಒಡೆದ ದೋಣಿಯನ್ನೋ ಸೋರುವ ನಲ್ಲಿಯನ್ನೋ ಮೊದಲು ಸರಿಪಡಿಸಿಕೊಳ್ಳಿರಿ. ತೇವದ ಮೂಲ ನಿಲ್ಲದೆ ಮಾಡಿದ ರಿಪೇರಿ ಬಾಳದು. ಬಿರುಕು ಮೆಟ್ಟಿಲು ಮೆಟ್ಟಿಲಾಗಿ ಓರೆಗೆ ಏರುತ್ತಿದ್ದರೆ, ಅಥವಾ ಗೋಡೆ ಹೊಟ್ಟೆ ಬಿಟ್ಟುಕೊಂಡು ತೂಕದ ಗುಂಡಿನ ದಾರದಿಂದ ಹೊರಸರಿದಿದ್ದರೆ, ಉಳಿಯನ್ನು ಕೆಳಗಿಟ್ಟು ಬಲ್ಲ ಇಂಜಿನಿಯರರೊಬ್ಬರನ್ನು ಕರೆಯಿಸಿರಿ.