ಕೀಲಿಕೈ ಇದ್ದವರು ಊರಲ್ಲಿ ಇಲ್ಲದಾಗ

ನಮ್ಮ ಬೀಳಗಿ, ಮುಧೋಳ, ಜಮಖಂಡಿ ಸೀಮೆಯ ಹಿರಿಯರಿಗೆ ಶ್ರೀಕೃಷ್ಣ ಪಾರಿಜಾತ ಹೊಸದಲ್ಲ. ರಾತ್ರಿಯಿಡೀ ಕೂತು ಸತ್ಯಭಾಮೆಯ ಮುನಿಸು ನೋಡಿ ನಕ್ಕವರು ನಾವು. ಆ ಆಟ ಒಬ್ಬರ ಕೈಯಲ್ಲೇ ಮುಗಿದದ್ದಲ್ಲ. ಅಪರಾಳ ತಮ್ಮಣ್ಣ ಬರೆದದ್ದನ್ನು ಕುಲಗೋಡ ತಮ್ಮಣ್ಣ ಬೆಳೆಸಿ ಆಟಕ್ಕೆ ಒಗ್ಗಿಸಿದರು. ಒಬ್ಬರ ಕಥೆಗೆ ಇನ್ನೊಬ್ಬರು ಕೈ ಹಚ್ಚುವುದು ಈ ನೆಲದ ಹಳೆಯ ರೂಢಿ.

ಈಗ ಮಕ್ಕಳು ಅದನ್ನೇ ಮೊಬೈಲಿನಲ್ಲಿ ಮಾಡುತ್ತಾರೆ. ಏಳನೇ ತರಗತಿಯ ನನ್ನ ಮೊಮ್ಮಗಳು ಬೇರೆ ಬೇರೆ ಊರಿನ ನಾಲ್ಕು ಮಕ್ಕಳ ಜೊತೆ ಸೇರಿ, ಅಂತರ್ಜಾಲದ ಒಂದು ಕಥಾತಾಣದಲ್ಲಿ ಸರದಿಯ ಮೇಲೆ ಕಥೆ ಬರೆಯುತ್ತಾಳೆ. ಖಾತೆ ಅವಳ ಅವ್ವನ ಹೆಸರಿನಲ್ಲಿದೆ. ಒಬ್ಬರು ಒಂದು ಕಂತು ಬರೆದು ಕಳಿಸಬೇಕು. ಬೈಗುಳ ಇದೆಯೇ, ಕದ್ದ ಬರಹವೇ, ಹಿಂದಿನ ಕಂತಿಗೆ ಹೊಂದುತ್ತದೆಯೇ ಎಂದು ತಾಣದ ಮೇಲ್ವಿಚಾರಕರು ನೋಡುತ್ತಾರೆ. ಅವರು ಒಪ್ಪಿದ ಮೇಲೆಯೇ ಮುಂದಿನವರ ಸರದಿ.

ಕಥೆ ಆಲಮಟ್ಟಿಯ ಹಿನ್ನೀರಲ್ಲಿ ಮುಳುಗಿದ ಒಂದು ಹಳ್ಳಿಯದು. ನಮ್ಮ ಹುಡುಗಿಯ ಕಂತಿನಲ್ಲಿ, ಬೇಸಿಗೆಯಲ್ಲಿ ನೀರು ಇಳಿದಾಗ ಒಬ್ಬ ಮುದುಕಿ ತನ್ನ ಮನೆಯ ಹೊಸ್ತಿಲು ಹುಡುಕಿಕೊಂಡು ಹೋಗುತ್ತಾಳೆ. ಅದು ಪೂರ್ತಿ ಕಲ್ಪನೆಯಲ್ಲ. ನಮ್ಮ ಓಣಿಯಲ್ಲಿರುವ 86 ವರ್ಷದ ಅಜ್ಜಿ ಹಾಗೆ ಊರು ಬಿಟ್ಟು ಬಂದವರು. ಅವರು ಹೇಳಿದ್ದನ್ನು ಕೇಳಿಯೇ ಇವಳು ಬರೆದದ್ದು.

ಕಂತು ಕಳಿಸಿ ತಿಂಗಳಾದರೂ ಉತ್ತರವಿಲ್ಲ.

“ಯಾಕವಾ, ಸಪ್ಪಗ ಕುಂತೀ?” ಎಂದೆ.

“ಅಜ್ಜಾ, ಬರೇ ‘ಪರಿಶೀಲನೆಯಲ್ಲಿದೆ’ ಅಂತ ತೋರಸಾಕತ್ತೈತಿ. ನಂದು ಬರೂತನಕ ಉಳಿದವರೂ ಬರಿಯಂಗಿಲ್ಲ. ನನ್ನ ಕಂತು ಬಿಟ್ಟು ಮುಂದ ಹೋಗೂಣು ಅಂತ ಒಬ್ಬಾಕಿ ಅನ್ನಾಕತ್ತಾಳ.”

ಅತ್ತ ಅಜ್ಜಿ ದಿನಾ ಸಂಜೆ ಕಟ್ಟೆಯ ಮೇಲೆ ಕೂತು ಕೇಳುತ್ತಿದ್ದರು, “ನನ್ನ ಮನೀ ಕಥೀ ಬಂತೇನಽ ಮಗಾ?” ಮಕ್ಕಳಿಗೆ ಕಾಯಲು ವರ್ಷಗಳಿವೆ. 86ರ ಅಜ್ಜಿಗೆ ಅಷ್ಟು ಪುರುಸೊತ್ತು ಎಲ್ಲಿದೆ?

ನಾನು ಮೊಮ್ಮಗಳಿಗೆ ಗದುಗಿನ ನಾರಣಪ್ಪನ ಮಾತು ತೆಗೆದೆ. ಕುಮಾರವ್ಯಾಸನೆಂದು ನಾವು ಕರೆಯುವ ಆ ಕವಿ 15ನೇ ಶತಮಾನದಲ್ಲಿ ಮಹಾಭಾರತದ 18 ಪರ್ವಗಳಲ್ಲಿ 10ನ್ನು ಕನ್ನಡಕ್ಕೆ ತಂದ. ಉಳಿದ 8 ಪರ್ವಗಳನ್ನು ಮುಂದಿನ ಶತಮಾನದಲ್ಲಿ, ಕೃಷ್ಣದೇವರಾಯನ ಕಾಲದಲ್ಲಿ, ತಿಮ್ಮಣ್ಣ ಕವಿ ಬರೆದ. ಕೇಳಲು ನಾರಣಪ್ಪ ಇರಲಿಲ್ಲ. ಹಾಗೆಂದು ತಿಮ್ಮಣ್ಣ ಕೈಕಟ್ಟಿ ಕೂರಲಿಲ್ಲ. ಮೊದಲಿನ ಹತ್ತನ್ನು ಬದಿಗೆ ಸರಿಸಲೂ ಇಲ್ಲ. ಕಥೆ ಎಲ್ಲಿ ನಿಂತಿತ್ತೋ ಅಲ್ಲಿಂದ, ಅದೇ ಭಾಮಿನಿ ಷಟ್ಪದಿಯಲ್ಲಿ ಮುಂದುವರಿಸಿದ. “ಹಂಗಾದ್ರ ಕಾಯೂದೂ ಬ್ಯಾಡ, ಜಿಗಿಯೂದೂ ಬ್ಯಾಡ ಅಂದಂಗಾತು” ಎಂದಳು ಹುಡುಗಿ.

ಅಂದೇ ಕೆಲಸ ಶುರುವಾಯಿತು. ಮೊದಲು ಕಂತನ್ನು ನೋಟುಬುಕ್ಕಿನಲ್ಲಿ ಬರೆದಿಟ್ಟಳು. ಮೊಬೈಲಿನಲ್ಲಿ ಮಾತ್ರ ಇರುವ ಬರಹ ಯಾವಾಗ ಹೋದೀತೋ ಹೇಳಲಾಗದು. ಅದೇ ಕಂತನ್ನು ಮತ್ತೆ ಮತ್ತೆ ಕಳಿಸಬೇಡ ಎಂದೆ. ನೋಡುವವರ ರಾಶಿ ದೊಡ್ಡದಾಗುತ್ತದೆಯೇ ಹೊರತು ನಮ್ಮ ಸರದಿ ಬೇಗ ಬರುವುದಿಲ್ಲ. ಅದರ ಬದಲು ಕಥೆಯ ಹೆಸರು, ಕಂತಿನ ಸಂಖ್ಯೆ, ಕಳಿಸಿದ ತಾರೀಖು ಹಾಕಿ, “ದಯವಿಟ್ಟು ನೋಡಿ, ತಿದ್ದುಪಡಿ ಬೇಕಿದ್ದರೆ ತಿಳಿಸಿ, ತಾವು ಬಿಡುವಿಲ್ಲದಿದ್ದರೆ ಬೇರೆ ಯಾರನ್ನು ಕೇಳಬೇಕು?” ಎಂದು ಒಂದೇ ಪತ್ರ ಬರೆದಳು. ಗೆಳತಿಯರಿಗೂ ತಿಳಿಸಿ, ಮುಂದಿನ ಕಂತನ್ನು ಅವರವರ ಪುಸ್ತಕದಲ್ಲಿ ಬರೆಯತೊಡಗಲು ಹೇಳಿದಳು. “ನಿಮ್ಮ ಫೋನ್ ನಂಬರ್ ಕೊಡಿ, ಬೇಗ ಮಾಡಿಸಿಕೊಡುತ್ತೇನೆ” ಎಂದು ಅಪರಿಚಿತರು ಯಾರಾದರೂ ಕೇಳಿದರೆ ಕೊಡಬಾರದು, ಮನೆಯ ಹಿರಿಯರಿಗೆ ಹೇಳಬೇಕು. ಮಕ್ಕಳೇ, ಇದನ್ನು ನೀವೂ ಮರೆಯಬೇಡಿ.

ಆಮೇಲೆ ಕಂತನ್ನು ಅಜ್ಜಿಯ ಕಟ್ಟೆಯ ಮೇಲೆ ಕೂತು ಗಟ್ಟಿಯಾಗಿ ಓದಿದಳು. ಅಜ್ಜಿ ಕಣ್ಣು ಮುಚ್ಚಿ ಕೇಳಿದರು. ನಡುವೆ ತಡೆದು, “ಬಾಗಲ ಮುಂದ ಬೇವಿನ ಗಿಡ ಅಲ್ಲವಾ, ಹುಣಸಿ ಗಿಡ. ಅದರ ಬುಡಕ್ಕನಽ ನಮ್ಮ ಎತ್ತು ಕಟ್ಟತಿದ್ವಿ” ಎಂದರು. ಹುಡುಗಿ ಅಲ್ಲೇ ಪೆನ್ನು ತೆಗೆದು ತಿದ್ದಿದಳು. ಯಾವ ಮೇಲ್ವಿಚಾರಕರು ಈ ತಪ್ಪು ಹಿಡಿಯುತ್ತಿದ್ದರು?

ಎರಡು ವಾರದ ಮೇಲೆ ತಾಣದ ಇನ್ನೊಬ್ಬ ಸ್ವಯಂಸೇವಕರಿಂದ ಉತ್ತರ ಬಂತು. ಮೊದಲಿನವರು ತಂದೆಯ ಕಾಯಿಲೆಯಿಂದಾಗಿ ಊರಿಗೆ ಹೋಗಿದ್ದರಂತೆ. ಸಂಬಳವಿಲ್ಲದೆ ಬಿಡುವಿನಲ್ಲಿ ಈ ಕೆಲಸ ಮಾಡುವ ಇಂಥವರ ಮೇಲೆ ಸಿಟ್ಟು ಮಾಡಿ ಏನು ಬಂತು? ಅವರಿಗೂ ಮನೆ-ಮಾರು ಇದೆ. ಹುಣಸೆ ಗಿಡದ ಸಮೇತ ಕಂತು ಪ್ರಕಟವಾಯಿತು.

ಆದರೂ ಒಂದು ಮಾತು ಹೇಳಬೇಕು. ಹಳ್ಳಿಯಲ್ಲಿ ಗುಡಿಯ ಕೀಲಿಕೈ ಇದ್ದವರು ಪರಊರಿಗೆ ಹೊರಟರೆ ಅದನ್ನು ನೆರೆಮನೆಗೆ ಕೊಟ್ಟು ಹೋಗುತ್ತಾರೆ. ದೇವರ ದೀಪ ನಿಲ್ಲಬಾರದಲ್ಲ. ಹತ್ತು ಜನ ಕೂಡಿ ಮಾಡುವ ಯಾವ ಕೆಲಸಕ್ಕೂ, ಶಾಲೆಯ ಕೈಬರಹದ ಪತ್ರಿಕೆಗಾಗಲಿ, ಮೊಬೈಲಿನ ಕಥೆಗಾಗಲಿ, ಒಪ್ಪಿಗೆ ಕೊಡುವವರು ಇಬ್ಬರಿರಲಿ. ಮೊದಲ ಕಂತು ಬರೆಯುವ ಮುನ್ನವೇ ಆ ಎರಡನೆಯ ಹೆಸರು ಗೊತ್ತು ಮಾಡಿಕೊಳ್ಳಿ. ಮುಂದಿನ ಕಥೆಗೆ ನಮ್ಮ ಮಕ್ಕಳು ಈಗಾಗಲೇ ಹಾಗೆ ಮಾಡಿದ್ದಾರೆ.