ಹೊಟ್ಟೆಯೊಳಗಿನ ಒಲೆ

ಹುಬ್ಬಳ್ಳಿಯ ಸಂಜೆಗೆ ಗಿರ್ಮಿಟ್, ಮಿರ್ಚಿ ಇರಲೇಬೇಕು. ಹುಡುಗನಾಗಿದ್ದಾಗ ಅದನ್ನು ತಿಂದು ಬಂದು ಗಟಗಟ ತಣ್ಣೀರು ಕುಡಿಯಹೋದರೆ ನಮ್ಮ ಆಯಿ ತಂಬಿಗೆ ಕಸಿದುಕೊಳ್ಳುತ್ತಿದ್ದಳು. "ಹೊಟ್ಟ್ಯಾಗ ಒಂದ ಒಲಿ ಐತೋ ತಮ್ಮಾ, ಉರಿಯೂ ಒಲಿಗೆ ಯಾರರೆ ನೀರ ಸುರೀತಾರೇನ?" ಆಮೇಲೆ ಅಜವಾನ ಕುದಿಸಿದ ಬಿಸಿನೀರು ಕೈಗೆ ಬರುತ್ತಿತ್ತು.

ಆ ಒಲೆ ಮತ್ತೆ ಸಿಕ್ಕಿದ್ದು ಮುಂಡಗೋಡದಲ್ಲಿ. ಅಲ್ಲಿಯ ಟಿಬೆಟನ್ ಕ್ಯಾಂಪು 1966ರದು. ಟಿಬೆಟನ್ನರು ತಮ್ಮ ವೈದ್ಯರನ್ನು ಆಮ್ಚಿ ಎನ್ನುತ್ತಾರೆ. ಆಮ್ಚಿ ಮೂರು ಬೆರಳಿಟ್ಟು ನಾಡಿ ಹಿಡಿದು ಮೊದಲು ಕೇಳಿದ್ದು ನನ್ನ ಹಸಿವೆಯ ಸುದ್ದಿ. 2010ರಲ್ಲಿ ಭಾರತ ಸರ್ಕಾರದ ಮಾನ್ಯತೆ ಪಡೆದ ಅವರ ಸೋವಾ-ರಿಗ್ಪಾ ವೈದ್ಯದಲ್ಲಿ ನಮ್ಮ ಆಯುರ್ವೇದವೂ ಇದೆ, ಚೀನಾದ ವೈದ್ಯವೂ ಇದೆ. ಹೊಟ್ಟೆಯ ಬಿಸಿ ಕುಂದಿದವರಿಗೆ ದಾಳಿಂಬೆಯ ಜೊತೆ ದಾಲ್ಚಿನ್ನಿ, ಯಾಲಕ್ಕಿ, ಹಿಪ್ಪಲಿ ಕೂಡಿಸಿ ಕೊಡುತ್ತಾರೆ. ಎಲ್ಲ ನಮ್ಮ ಸಂತೆಯ ಸಾಮಾನೇ.

ಚೀನಾದವರೂ ಊಟದ ಜೊತೆ ಬಿಸಿನೀರನ್ನೇ ಕುಡಿಯುತ್ತಾರೆ. ಹೊಟ್ಟೆ ಸೋತರೆ ಅಕ್ಕಿಗಂಜಿ, ಶುಂಠಿ, ಒಣಗಿಸಿಟ್ಟ ಕಿತ್ತಳೆಸಿಪ್ಪೆ. ನಮ್ಮಲ್ಲಿ ಅದೇ ಕೆಲಸಕ್ಕೆ ಜೋಳದ ನುಚ್ಚು, ಇಂಗು ಹಾಕಿದ ಮಜ್ಜಿಗೆ. ಅವರ ವೈದ್ಯದಲ್ಲಿ ಅನ್ನ ಅರಗಿಸುವ ಭಾರ ಜಠರದ್ದು, ಗುಲ್ಮದ್ದು. ಆ ಎರಡರ ಮೇಲೆಯೇ ಲೀ ದೊಂಗ್‌ಯುವಾನ್ ಎಂಬ ವೈದ್ಯ 1249ರಲ್ಲಿ ಗ್ರಂಥ ಬರೆದ. 1232ರಲ್ಲಿ ಮಂಗೋಲರು ಕೈಫೆಂಗ್ ನಗರಕ್ಕೆ ಮುತ್ತಿಗೆ ಹಾಕಿದ್ದನ್ನು ಕಂಡವನು ಅವನು. ಮುತ್ತಿಗೆ ಸಡಿಲಾದ ಮೇಲೂ ಜನ ರಾಶಿರಾಶಿಯಾಗಿ ಸತ್ತರು. ಬೇರೆ ವೈದ್ಯರು ಹೊರಗಿನ ಚಳಿಯನ್ನು ದೂರಿದರು. ಲೀ ಮಾತ್ರ ಹಸಿವೆ, ದಣಿವು, ಅಂಜಿಕೆ ಸೇರಿ ಹೊಟ್ಟೆಯನ್ನೇ ಕೆಡಿಸಿವೆ, ಕೆಟ್ಟ ಹೊಟ್ಟೆಗೆ ಒಮ್ಮೆಲೇ ಬಿದ್ದ ಅನ್ನವೂ ಕುತ್ತಾಗಿದೆ ಅಂದ.

ಇದನ್ನು ಓದಿದ ದಿನ ನನಗೆ ಆಯಿಯ ಊಟದ ಹೊತ್ತಿನ ಇನ್ನೊಂದು ಕಟ್ಟಳೆ ಅರ್ಥವಾಯಿತು. ಬಿಡದೆ ಕಾಡುವ ನೋವು, ರಕ್ತ, ಇಳಿಯುವ ತೂಕ ಕಂಡರೆ ಮನೆಮದ್ದು ಬಿಟ್ಟು ದವಾಖಾನೆಗೇ ಹೋಗಬೇಕು; ಅದರಲ್ಲಿ ಎರಡು ಮಾತಿಲ್ಲ. ಆದರೆ ದಿನದಿನದ ಅಜೀರ್ಣಕ್ಕೆ ನಾವು ಪುಡಿ, ಗುಳಿಗೆ ಹುಡುಕುತ್ತೇವೆಯೇ ಹೊರತು ಯಾವ ಮನಸ್ಸಿನಿಂದ ಉಂಡೆವು ಎಂದು ಕೇಳಿಕೊಳ್ಳುವುದಿಲ್ಲ. ಆಯಿ ಅದನ್ನೇ ಕಾಯುತ್ತಿದ್ದಳು. ತಾಟಿನಲ್ಲಿ ರೊಟ್ಟಿ ಬಿದ್ದ ಮೇಲೆ ಸಾಲದ ಮಾತು, ಹೊಲದ ತಂಟೆ ಯಾರೂ ಎತ್ತುವಂತಿರಲಿಲ್ಲ. ಅಪ್ಪ ಬಾಯಿ ತೆರೆದರೂ ಅಷ್ಟೇ: "ಮೊದಲ ಉಣ್ಣೋ, ಜಗಳ ಎಲ್ಲಿಗೂ ಹೋಗೂದಿಲ್ಲ."