ದಾರಿಯನ್ನು ಓದುವ ಬಂಡಿ

ಬೆಂಗಳೂರಿನಿಂದ ಮೈಸೂರಿಗೆ ಹೋಗುವ ದಾರಿಯು ನಮ್ಮ ಕಡೆಯ ಗೃಹಸ್ಥರಿಗೆ ಊರುಗಳ ಹೆಸರಿನಿಂದಲೂ ಆ ಊರುಗಳ ಪದಾರ್ಥಗಳಿಂದಲೂ ಪರಿಚಿತವಾದುದು. ರಾಮನಗರದ ರೇಷ್ಮೆಗೂಡು, ಚನ್ನಪಟ್ಟಣದ ಬಣ್ಣದ ಬೊಂಬೆ, ಮದ್ದೂರಿನ ವಡೆ, ಮಂಡ್ಯದ ಬೆಲ್ಲ, ಶ್ರೀರಂಗಪಟ್ಟಣದ ಕಾವೇರಿ, ಹೀಗೆ ಎಣಿಸುತ್ತ ಹೋದರೆ ಮೈಸೂರು ಬಂದುಬಿಡುತ್ತಿತ್ತು. 2023ನೆಯ ಇಸವಿಯ ಮಾರ್ಚಿ ತಿಂಗಳಲ್ಲಿ ಉದ್ಘಾಟನೆಯಾದ ಹೊಸ ಹೆದ್ದಾರಿಯು ಈ ಊರುಗಳನ್ನು ಬದಿಗಿಟ್ಟು ಹೊರಗಿನಿಂದಲೇ ಹಾಯ್ದುಹೋಗುತ್ತದೆ. ಊರು ಕಾಣದೆ ಮೈಸೂರು ಸೇರುವುದು ಲಾಭವೋ ನಷ್ಟವೋ ಎಂಬ ಚರ್ಚೆಯನ್ನು ನಾವಿಲ್ಲಿ ಎತ್ತುವುದಿಲ್ಲ. ವಿದ್ಯುತ್ತಿನಿಂದ ಓಡುವ ಕಾರನ್ನು ಈ ದಾರಿಯಲ್ಲಿಯೂ, ಅಲ್ಲಿಂದ ಮುಂದೆ ಮಡಿಕೇರಿಯ ದಾರಿಯಲ್ಲಿಯೂ ನಡೆಸಿದಾಗ ನಮಗಾದ ಅನುಭವವನ್ನು ವಾಚಕರ ಮುಂದಿಡುವುದಷ್ಟೇ ನಮ್ಮ ಉದ್ದೇಶ.

ನಮಗೀಗ ಅರುವತ್ತೆಂಟು ವರ್ಷ. ವಾಹನ ನಡೆಸಲು ಅಡ್ಡಿಯಿಲ್ಲವೆಂದು ಕಣ್ಣಿನ ವೈದ್ಯರು ಹೇಳಿದ್ದಾರೆ; ಆದರೆ ದೂರದ ಪ್ರಯಾಣವಾದರೆ ಬೆನ್ನೂ ಕಾಲೂ ಬೇಗ ದಣಿಯುತ್ತವೆ. ಮಗಳು ಮಡಿಕೇರಿಯಲ್ಲಿದ್ದಾಳೆ. “ಅಪ್ಪ, ಇನ್ನು ಮೇಲೆ ಡ್ರೈವರನ್ನು ಕರೆದುಕೊಂಡೇ ಬನ್ನಿ” ಎಂದು ಆಕೆ ಎರಡು ವರ್ಷಗಳಿಂದ ಹೇಳುತ್ತ ಬಂದಿದ್ದಳು. ಕಾರು ಮಾರಿದವರಾದರೋ, ಈ ಬಂಡಿಯೇ ಅರ್ಧ ಡ್ರೈವರು ಎಂದರು. ಇವೆರಡರಲ್ಲಿ ಯಾವ ಮಾತನ್ನು ನಂಬಬೇಕೆಂಬುದು ನಮ್ಮ ಮನೆಯಲ್ಲಿ ಬಗೆಹರಿಯದ ಪ್ರಶ್ನೆಯಾಗಿತ್ತು. ಮಗಳ ಮನೆಗೆ ಬೇಕೆಂದಾಗ ಹೊರಡುವ ಸ್ವಾತಂತ್ರ್ಯ ಒಂದು ಕಡೆ, ಕೂಡೆ ಕುಳಿತವರ ಪ್ರಾಣ ಇನ್ನೊಂದು ಕಡೆ. ಕಳೆದ ಭಾದ್ರಪದದಲ್ಲಿ, ನಮ್ಮಲ್ಲಿಗೆ ಬಂದಿದ್ದ ಎಂಟು ವರ್ಷದ ಮೊಮ್ಮಗಳನ್ನು ಬಿಟ್ಟುಬರಲು ನಾವೂ ನಮ್ಮ ಮನೆಯಾಕೆಯೂ ಮಡಿಕೇರಿಗೆ ಹೊರಟೆವು.

ವಿದ್ಯುತ್ ಕಾರು ಬೆಂಗಳೂರಿಗೆ ಹೊಸದಲ್ಲ. ರೇವಾ ಎಂಬ ಪುಟ್ಟ ಬಂಡಿಯು 2001ರಲ್ಲಿಯೇ ಇಲ್ಲಿ ತಯಾರಾಗಿ ಬೀದಿಗಿಳಿದಿತ್ತು. ಅದರಲ್ಲಿ ದೊಡ್ಡವರು ಇಬ್ಬರು ಕುಳಿತರೆ ಹಿಂದೆ ಮಕ್ಕಳಿಗೆ ಮಾತ್ರ ಸ್ಥಳ. ಈಗಿನ ಬಂಡಿಗಳು ಗಾತ್ರದಲ್ಲಿಯೂ ಬಲದಲ್ಲಿಯೂ ಬೇರೆಯೇ ಆಗಿವೆ. ಆದರೆ ನಿಶ್ಶಬ್ದವೆಂಬ ಗುಣ ಎರಡಕ್ಕೂ ಸಮಾನ.

ಈ ನಿಶ್ಶಬ್ದದ ವಿಷಯದಲ್ಲಿ ಒಂದು ಮಾತು ಹೇಳಬೇಕು. ಎಂಜಿನಿನ ಗುಡುಗು ಇಲ್ಲವೆಂದ ಮಾತ್ರಕ್ಕೆ ಬಂಡಿಯೊಳಗೆ ಮೌನವಿರುತ್ತದೆಂದು ತಿಳಿಯಬಾರದು. ಯಜಮಾನನು ಮನೆಯಿಂದ ಹೊರಗೆ ಹೋದ ಕೂಡಲೆ ಉಳಿದವರೆಲ್ಲ ಬಾಯಿಬಿಡುವಂತೆ, ಎಂಜಿನು ಸುಮ್ಮನಾದರೆ ಅದುವರೆಗೆ ಮರೆಯಲ್ಲಿದ್ದ ಸಣ್ಣ ಸದ್ದುಗಳೆಲ್ಲ ಹೊರಬೀಳುತ್ತವೆ. ಕಾಂಕ್ರೀಟಿನ ಮೇಲೆ ಟೈರುಗಳ ಗುಂಯ್ಗಾಟ, ಕನ್ನಡಿಗಳ ಪಕ್ಕದಲ್ಲಿ ಗಾಳಿಯ ಸಿಳ್ಳು, ಹಿಂದೆ ತಿಂಡಿಯ ಡಬ್ಬಿಯ ಕಟಕಟ, ಇವು ಯಾವುವೂ ಹಳೆಯ ಬಂಡಿಯಲ್ಲಿ ನಮಗೆ ಕೇಳಿಸುತ್ತಿರಲಿಲ್ಲ.

ಸಂಗೀತಕ್ಕೆ ಮಾತ್ರ ಇದರಿಂದ ಮಹೋಪಕಾರವಾಗಿದೆ. ಬಿಡದಿ ದಾಟಿದ ಮೇಲೆ ವೀಣೆಯ ಆಲಾಪನೆಯೊಂದನ್ನು ಹಚ್ಚಿದೆವು. ತಂತಿ ಮಿಡಿದ ಮೇಲೆ ಉಳಿಯುವ ನಾದವು ಕ್ಷೀಣಿಸುತ್ತ ಹೋಗುವುದನ್ನು ಓಡುವ ಬಂಡಿಯಲ್ಲಿ ಕೊನೆಯವರೆಗೆ ಕೇಳಿದ್ದು ನಮಗೆ ಅದೇ ಮೊದಲು. ಆದರೆ ಕಾರ್ಖಾನೆಯವರು ಹೊಂದಿಸಿಕೊಟ್ಟ ಶಬ್ದವನ್ನು ಹಾಗೆಯೇ ಬಿಟ್ಟರೆ ಮೃದಂಗದ ತೊಪ್ಪಿಯ ಕಡೆಯ ನಾದ ಅತಿಯಾಗಿ, ಹಾಡುವವರು ಗುಡಾಣದೊಳಗಿನಿಂದ ಹಾಡಿದಂತೆ ಆಗುತ್ತದೆ. ರಸ್ತೆಯ ಗುಂಯ್ಗಾಟ ತಗ್ಗುದನಿಯದಾದುದರಿಂದ ಅದನ್ನು ಮುಚ್ಚುವುದಕ್ಕೆ ತಗ್ಗಿನ ನಾದವನ್ನೇ ಹೆಚ್ಚಿಸಿಟ್ಟಿರುತ್ತಾರೆ. ಅದನ್ನು ಎರಡು ಮೆಟ್ಟಿಲು ಇಳಿಸಿ, ವೇಗ ಹೆಚ್ಚಿದಂತೆಲ್ಲ ತಾನೇ ದನಿಯೇರಿಸುವ ಏರ್ಪಾಡನ್ನು ನಿಲ್ಲಿಸಿದರೆ ಹಾಡು ಹಾಡಿನಂತೆ ಕೇಳುತ್ತದೆ. ಈ ಹೊಂದಾಣಿಕೆಗಳನ್ನೆಲ್ಲ ಬಂಡಿ ನಿಂತಿರುವಾಗಲೇ ಮುಗಿಸತಕ್ಕದ್ದು. ಗಂಟೆಗೆ 80 ಕಿಲೋಮೀಟರು ವೇಗದಲ್ಲಿ ಪರದೆಯ ಮೇಲೆ ಹಾಡಿನ ಹೆಸರನ್ನು ಎರಡು ಸೆಕೆಂಡು ಹುಡುಕಿದರೆ, ಅಷ್ಟರಲ್ಲಿ ಬಂಡಿಯು 44 ಮೀಟರು ದಾರಿಯನ್ನು ಕುರುಡಾಗಿ ಓಡಿರುತ್ತದೆ. ಈ ಕೆಲಸವನ್ನು ನಾವು ಮನೆಯಾಕೆಗೆ ಒಪ್ಪಿಸಿದ್ದೇವೆ.

ಇನ್ನು ಚಾಲಕಸಹಾಯದ ವಿಚಾರ. ಮುಂಗಡೆಯ ಗಾಜಿನ ಹಿಂದೆ ಒಂದು ಕ್ಯಾಮೆರಾ, ಮುಂಭಾಗದ ತಗ್ಗಿನಲ್ಲಿ ಒಂದು ರೇಡಾರು ಇವೆ. ಕ್ಯಾಮೆರಾ ರಸ್ತೆಯ ಬಿಳಿಗೆರೆಗಳನ್ನು ಓದುತ್ತದೆ. ರೇಡಾರು ರೇಡಿಯೋ ಅಲೆಗಳನ್ನು ಕಳುಹಿಸಿ, ಅವು ತಾಗಿ ಮರಳುವುದರಿಂದ ಮುಂದಿನ ವಾಹನದ ದೂರವನ್ನೂ ವೇಗವನ್ನೂ ಅಳೆಯುತ್ತದೆ. ಇವೆರಡರ ವರದಿಯಂತೆ ಬಂಡಿಯು ಗೆರೆಗಳ ನಡುವೆ ನಿಲ್ಲುತ್ತ, ಮುಂದಿನವರು ನಿಧಾನಿಸಿದರೆ ತಾನೂ ನಿಧಾನಿಸುತ್ತ ಹೋಗುತ್ತದೆ. ವಾಹನಗಳ ಸ್ವಯಂಚಾಲನೆಯನ್ನು ಸೊನ್ನೆಯಿಂದ ಐದರವರೆಗೆ ಮೆಟ್ಟಿಲುಗಳಾಗಿ ವಿಂಗಡಿಸಿದ್ದಾರೆ, ನಮ್ಮದು ಎರಡನೆಯದು. ಎಂದರೆ ಕೈಕಾಲುಗಳಿಗೆ ಸಹಾಯವುಂಟು, ಹೊಣೆಗಾರಿಕೆಯಲ್ಲಿ ಪಾಲಿಲ್ಲ. ಸ್ಟೀರಿಂಗಿನಿಂದ ಕೈ ತೆಗೆದರೆ ಸ್ವಲ್ಪ ಹೊತ್ತಿನಲ್ಲಿಯೇ ಗಂಟೆ ಬಾರಿಸಿ ಎಚ್ಚರಿಸುತ್ತದೆ.

ಮೈಸೂರಿನ ಹೆದ್ದಾರಿಯಲ್ಲಿ ಈ ವ್ಯವಸ್ಥೆಯು ಬಹು ಚೆನ್ನಾಗಿ ನಡೆಯಿತು. ಅಲ್ಲಿ ಗೆರೆಗಳು ಸ್ಪಷ್ಟವಾಗಿವೆ, ನಡುವೆ ಗೋಡೆಯುಂಟು, ದ್ವಿಚಕ್ರ ವಾಹನಗಳನ್ನೂ ಆಟೋಗಳನ್ನೂ 2023ರ ಆಗಸ್ಟಿನಿಂದ ಮುಖ್ಯ ರಸ್ತೆಗೆ ಬಿಡುತ್ತಿಲ್ಲ. 80ರ ವೇಗವನ್ನು ಗೊತ್ತುಮಾಡಿ ಹೊರಟ ನಮಗೆ ಮಂಡ್ಯ ಬಂದರೂ ಕಾಲು ನೋಯಲಿಲ್ಲ. ಅರ್ಧ ಡ್ರೈವರೆಂಬ ಮಾತು ನಿಜವಿರಬಹುದೆಂದು ಮನೆಯಾಕೆಯೂ ಒಪ್ಪಿದರು.

ಮೈಸೂರಿನಲ್ಲಿ ಬ್ಯಾಟರಿಗೆ ವಿದ್ಯುತ್ತು ತುಂಬಲು ನಿಂತೆವು. ಇದ್ದ ಎರಡು ಯಂತ್ರಗಳಲ್ಲಿ ಒಂದು ಕೆಟ್ಟಿದ್ದುದರಿಂದ ಸರದಿ ಕಾಯಬೇಕಾಗಿ, ನಾವೆಣಿಸಿದ್ದಕ್ಕಿಂತ ಒಂದೂವರೆ ಗಂಟೆ ತಡವಾಯಿತು. ಕಾಯುವಾಗ ಮೊಮ್ಮಗಳಿಗೆ ಮೈಸೂರು ರೇಡಿಯೋದ ಕಥೆ ಹೇಳಿದೆವು. ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ಇದೇ ಊರಿನ ತಮ್ಮ ಮನೆಯಲ್ಲಿ ಪ್ರಸಾರ ಆರಂಭಿಸಿದರು. ಆ ನಿಲಯಕ್ಕೆ ಬಂದ ‘ಆಕಾಶವಾಣಿ’ ಎಂಬ ಹೆಸರು ಮುಂದೆ ದೇಶಕ್ಕೆಲ್ಲ ಸಂದಿತು. ಆ ಕಾಲದ ಮಧ್ಯತರಂಗದ ಪ್ರಸಾರಕ್ಕೂ ವಿದ್ಯುತ್ ಬಂಡಿಗೂ ಮಾತ್ರ ಅಷ್ಟಾಗಿ ಹೊಂದಿಕೆಯಿಲ್ಲ. ಮೋಟಾರನ್ನು ಅಂಕೆಯಲ್ಲಿಡುವ ವಿದ್ಯುತ್ ಯಂತ್ರಗಳು ಅದರಲ್ಲಿ ಗರಗರ ಹುಟ್ಟಿಸುವುದರಿಂದ ಕೆಲವು ಕಂಪೆನಿಗಳು ಆ ರೇಡಿಯೋವನ್ನೇ ಕಾರಿನಿಂದ ತೆಗೆದುಹಾಕಿವೆ. ಎಫ್‌ಎಂ ಪ್ರಸಾರಕ್ಕೆ ಈ ತೊಂದರೆ ತಟ್ಟುವುದು ಕಡಮೆ.

ಹುಣಸೂರಿನ ಕಡೆಗೆ ತಿರುಗಿದ ಮೇಲೆ ಬಂಡಿಯ ಸ್ವಭಾವವೇ ಬದಲಾಯಿತು. ಅಲ್ಲಲ್ಲಿ ಅಂಚಿನ ಗೆರೆ ಅಳಿಸಿತ್ತು. ಸೈಕಲ್ಲಿನವನಿಗೆ ಜಾಗ ಬಿಡಲು ಬಲಕ್ಕೆ ಸರಿದರೆ, ಸೂಚನೆಯ ದೀಪ ಹಾಕಲಿಲ್ಲವೆಂದು ಸ್ಟೀರಿಂಗು ಎಡಕ್ಕೆ ಜಗ್ಗಿತು. ತಿರುವಿನಲ್ಲಿ ಎದುರಿನ ಬಸ್ಸನ್ನು ಕಂಡು ನಡುರಸ್ತೆಯಲ್ಲಿಯೇ ಬ್ರೇಕು ಹಿಡಿಯಿತು. ನಮ್ಮ ಊರದಾರಿಗಳು ಗೆರೆಯಿಂದ ನಡೆಯತಕ್ಕವಲ್ಲ. ಹಸು ಕಿವಿಯೆತ್ತಿದರೆ ಅಡ್ಡ ಬರುತ್ತದೆಂದೂ, ಬಸ್ಸಿನ ಬಾಗಿಲಲ್ಲಿ ನಿಂತವನು ಕೈಬೀಸಿದರೆ ಮುಂದೆ ಹೋಗಬಹುದೆಂದೂ ನಾವು ತಿಳಿದುಕೊಳ್ಳುತ್ತೇವೆ. ಈ ಬಂಡಿ ಬರೆಹವನ್ನು ಬಲ್ಲುದು, ಸನ್ನೆಯನ್ನು ಅರಿಯದು. ಆದಕಾರಣ ಗೆರೆ ಹಿಡಿಯುವ ಏರ್ಪಾಡನ್ನು ನಿಲ್ಲಿಸಿ, ಅಂತರ ಕಾಯುವುದನ್ನು ಮಾತ್ರ ಉಳಿಸಿಕೊಂಡೆವು.

ಹುಣಸೂರು, ಪಿರಿಯಾಪಟ್ಟಣಗಳ ಸುತ್ತ ಹೊಗೆಸೊಪ್ಪಿನ ಸೀಮೆ. ಸೊಪ್ಪನ್ನು ಹದಮಾಡುವ ಕಾಲದಲ್ಲಿ ಸೌದೆಯ ಗಾಡಿಗಳ ಓಡಾಟ ಹೆಚ್ಚು. ಆಗ ಸಂಜೆಗತ್ತಲು. ನಮ್ಮ ಮುಂದೆ ಒಂದು ವ್ಯಾನು ಹೋಗುತ್ತಿತ್ತು. ಅದರ ಹಿಂದೆ ನಮ್ಮ ಬಂಡಿ ತಾನಾಗಿ ಅಂತರ ಕಾಯುತ್ತ ಬರುತ್ತಿತ್ತು. ಮೊಮ್ಮಗಳು ನಿದ್ದೆಹೋದಳೆಂದು ಮನೆಯಾಕೆ ಹಾಡನ್ನು ತಗ್ಗಿಸಿದರು. ಅದೇ ಕ್ಷಣದಲ್ಲಿ ಮುಂದಿನ ವ್ಯಾನಿನ ಹಾರನ್ನು ಕೇಳಿಸಿ, ಅದು ಥಟ್ಟನೆ ಬಲಕ್ಕೆ ತಿರುಗಿ ಮಾಯವಾಯಿತು. ಅದರ ಮರೆಯಲ್ಲಿದ್ದುದು ಕಂಡಿತು: ಹಿಂದೆ ದೀಪವಿಲ್ಲದೆ, ಅರ್ಧ ರಸ್ತೆಯ ಮೇಲೆ ನಿಂತಿದ್ದ ಸೌದೆಯ ಟ್ರೇಲರು. ಮುಂದಿನ ವಾಹನ ಸರಿದುಹೋದುದನ್ನು ದಾರಿ ತೆರವಾಯಿತೆಂದು ಅರ್ಥಮಾಡಿದ ನಮ್ಮ ಬಂಡಿ ವೇಗ ಹೆಚ್ಚಿಸತೊಡಗಿತು. ಹಾರನ್ನು ಕೇಳಿದ ಕೂಡಲೆ ನಮ್ಮ ಕಾಲು ಬ್ರೇಕಿನ ಮೇಲೆ ಹೋಗಿದ್ದುದರಿಂದ ಟ್ರೇಲರಿಗೆ ಎರಡು ಮಾರು ದೂರದಲ್ಲಿ ನಿಂತೆವು. ಬಂಡಿಯ ಎಚ್ಚರಿಕೆಯ ಗಂಟೆ ಆಮೇಲೆ ಬಾರಿಸಿತು. ಮಗು ಏಳಲಿಲ್ಲ.

ಚಲಿಸುವ ವಾಹನವನ್ನು ಹಿಂಬಾಲಿಸುವುದರಲ್ಲಿ ನಿಪುಣವಾದ ಈ ವ್ಯವಸ್ಥೆಗಳು ನಿಂತ ವಸ್ತುವನ್ನು ಗುರುತಿಸುವಲ್ಲಿ ಕೆಲವೊಮ್ಮೆ ತಪ್ಪುತ್ತವೆಂಬುದು ಬಂಡಿಯ ಕೈಪಿಡಿಯಲ್ಲಿಯೇ ಅಚ್ಚಾಗಿದೆ. ರಸ್ತೆಯ ಬದಿಯ ಕಂಬ, ಸೇತುವೆ, ಫಲಕಗಳಿಂದಲೂ ರೇಡಾರಿನ ಅಲೆ ಮರಳುತ್ತದಷ್ಟೆ. ಅವಕ್ಕೆಲ್ಲ ಬ್ರೇಕು ಹಾಕಿದರೆ ಬಂಡಿ ನಡೆಯದೆಂದು ನಿಂತವುಗಳ ಲೆಕ್ಕವನ್ನು ಬಲುಮಟ್ಟಿಗೆ ಬಿಡುವುದುಂಟು.

ಕುಶಾಲನಗರ ದಾಟಿ ಸುಂಟಿಕೊಪ್ಪದ ಏರು ಹಿಡಿಯುವಷ್ಟರಲ್ಲಿ ಜಡಿಮಳೆಯೂ ಮಂಜೂ ಸೇರಿದುವು. ಕ್ಯಾಮೆರಾಕ್ಕೆ ಏನೂ ಕಾಣುತ್ತಿಲ್ಲವೆಂದು ಪರದೆಯ ಮೇಲೆ ಬರೆದು ತೋರಿಸಿ, ಚಾಲಕಸಹಾಯವೆಲ್ಲ ತಾನಾಗಿ ನಿಂತುಹೋಯಿತು. ಸಹಾಯ ಅತ್ಯಗತ್ಯವಾದ ಸ್ಥಳದಲ್ಲಿಯೇ ಸಹಾಯಕನು ರಜೆ ಕೇಳಿದಂತಾಯಿತು. ಹಾಡನ್ನೂ ನಿಲ್ಲಿಸಿ, ಕಾಫಿ ತೋಟಗಳ ನಡುವೆ ನಿಧಾನವಾಗಿ ಏರಿ, ರಾತ್ರಿ ಎಂಟೂವರೆಗೆ ಮಗಳ ಮನೆ ಸೇರಿದೆವು.

ಹಿಂದಿರುಗುವಾಗ ಹಗಲು. ಇಳಿಜಾರಿನಲ್ಲಿ ಕಾಲು ತೆಗೆದರೆ ಮೋಟಾರೇ ಡೈನಮೋ ಆಗಿ ಬ್ಯಾಟರಿಗೆ ವಿದ್ಯುತ್ತನ್ನು ಮರಳಿಸುತ್ತದೆ. ಮಡಿಕೇರಿಯಿಂದ ಕುಶಾಲನಗರಕ್ಕೆ 300 ಮೀಟರಿಗೂ ಮಿಗಿಲಾದ ಇಳಿತವುಂಟು. ಎರಡು ಟನ್ನಿನ ಬಂಡಿ ಅಷ್ಟು ಇಳಿದರೆ ಲೆಕ್ಕದಂತೆ ಒಂದೂವರೆ ಯೂನಿಟ್ಟಿಗಿಂತ ಹೆಚ್ಚು ಶಕ್ತಿ. ಅದರಲ್ಲಿ ಒಂದು ಯೂನಿಟ್ಟಾದರೂ ದಕ್ಕಿದರೆ ಆರೇಳು ಕಿಲೋಮೀಟರು ದಾರಿಗೆ ಸಾಕು.

ಮಗಳೊಡನೆ ಕುಳಿತು ನಾವು ಮಾಡಿಕೊಂಡ ಒಪ್ಪಂದ ಇಷ್ಟು. ಬೆಂಗಳೂರಿನಿಂದ ಮೈಸೂರಿನವರೆಗೆ ನಾವೇ ನಡೆಸುವುದು. ಅಲ್ಲಿಂದ ಮುಂದಕ್ಕೆ ಅಳಿಯನೋ ಗೊತ್ತಿರುವ ಡ್ರೈವರೋ ನಡೆಸುವುದು. ಕತ್ತಲಾದ ಮೇಲೆ ನಾವು ಸ್ಟೀರಿಂಗು ಹಿಡಿಯಕೂಡದು. ಹೊರಗಿನ ಹಾರನ್ನು ಒಳಗೆ ಕೇಳುವಷ್ಟಕ್ಕಿಂತ ಹಾಡಿನ ದನಿ ಮೇಲೇರಕೂಡದು. ಅರ್ಧ ಸ್ವಾತಂತ್ರ್ಯ ಹೋಯಿತೆಂದು ನಮಗೆ ಬೇಸರವಾಗಲಿಲ್ಲವೆನ್ನಲಾರೆವು; ಉಳಿದ ಅರ್ಧವನ್ನಾದರೂ ನಿಶ್ಚಿಂತೆಯಿಂದ ಅನುಭವಿಸಬಹುದು.

ಇಂಥ ಬಂಡಿ ಕೊಳ್ಳುವ ಗೃಹಸ್ಥರಿಗೆ ನಮ್ಮ ವಿಜ್ಞಾಪನೆ ಒಂದೇ. ಅದನ್ನು ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗನಂತೆ ನಡೆಸಿಕೊಳ್ಳಿರಿ. ಹಗಲಿನಲ್ಲಿ, ತಿಳಿದ ದಾರಿಯಲ್ಲಿ ಕೆಲಸ ಹೇಳಿರಿ. ಚೆನ್ನಾಗಿ ಮಾಡಿದಲ್ಲಿ ಮೆಚ್ಚಿರಿ. ಆದರೆ ಮನೆಯ ಬೀಗದ ಕೈಯನ್ನು ಮಾತ್ರ ನಿಮ್ಮ ಸೊಂಟದಲ್ಲಿಯೇ ಇಟ್ಟುಕೊಳ್ಳಿರಿ.